ಸದ್ದು ನಿಂತಿದೆ ಅಂದರೆ ರೇಡಾನ್ ಹೋಗಿದೆ ಅಂತಲ್ಲ

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಮನೆಯಲ್ಲಿ ರೇಡಾನ್ (ನೆಲದಿಂದ ಬರುವ ವಿಕಿರಣಶೀಲ ಅನಿಲ) ಜಾಸ್ತಿ ಇದೆ ಎಂದು ಗೊತ್ತಾಗಿ, ನೆಲದ ಕಾಂಕ್ರೀಟ್ ಕೊರೆಸಿ ಪೈಪ್ ಹಾಕಿಸಿ ಫ್ಯಾನ್ ಕೂರಿಸಿದ್ದೆವು. ಪೈಪಿನ ಮೇಲೆ ಯು ಆಕಾರದ ಒಂದು ಸಣ್ಣ ಕೊಳವೆ ಇದೆ. ಅದರೊಳಗಿನ ಬಣ್ಣದ ಎಣ್ಣೆ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಇರುತ್ತಿತ್ತು. ಈಗ ಎರಡೂ ಕಡೆ ಸಮ ಇದೆ. ಫ್ಯಾನಿನ ಸದ್ದೂ ಇಲ್ಲ, ರಾತ್ರಿ ಒಳ್ಳೆಯ ನಿದ್ದೆ ಬರುತ್ತಿದೆ. ರೇಡಾನ್ ಮುಗಿಯಿತು ಅಂತ ತಿಳಿಯಬಹುದಾ?

ಉತ್ತರ: ನಿಮ್ಮ ನಿದ್ದೆ ಕೆಡಿಸುತ್ತಿದ್ದೇನೆ, ಕ್ಷಮಿಸಿ. ಫ್ಯಾನ್ ನಿಂತುಹೋಗಿರಬೇಕು.

ರೇಡಾನ್ ಮುಗಿಯುವಂಥದ್ದಲ್ಲ. ಮಣ್ಣು, ಬಂಡೆಗಳಲ್ಲಿರುವ ಯುರೇನಿಯಂ ಕ್ಷಯಿಸುತ್ತಾ ಹೋದ ಹಾಗೆ ಅದು ಹುಟ್ಟುತ್ತಲೇ ಇರುತ್ತದೆ. ನಿಮ್ಮ ಫ್ಯಾನ್ ಮಾಡುವ ಕೆಲಸ ಇಷ್ಟೇ: ನೆಲದಡಿಯ ಗಾಳಿಯನ್ನು ಎಳೆದು ಸೂರಿನ ಮೇಲೆ ಬಿಡುವುದು, ಅದು ಮನೆಯೊಳಗೆ ನುಸುಳುವ ಮೊದಲೇ. ಎಣ್ಣೆ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ನಿಂತಿದ್ದರೆ ಈ ಎಳೆತ ಇದೆ ಎಂದರ್ಥ, ಸಮ ಆದರೆ ಎಳೆತ ಇಲ್ಲ. ಆ ಕೊಳವೆಗೆ ರೇಡಾನ್ ಅಳೆಯಲು ಬರುವುದೇ ಇಲ್ಲ, ಇದನ್ನು ಎಷ್ಟೋ ಜನ ತಪ್ಪು ತಿಳಿಯುತ್ತಾರೆ.

ಮೊದಲು ಸ್ವಿಚ್ ನೋಡಿ. ಯಾರೋ ಲೈಟಿನದು ಅಂದುಕೊಂಡು ಆರಿಸಿರುತ್ತಾರೆ, ನಗಬೇಡಿ, ಇದು ಆಗುವಂಥದ್ದೇ. ಆಮೇಲೆ ಬ್ರೇಕರ್ ಬಿದ್ದಿದೆಯಾ ನೋಡಿ. ಬರೀ ಕೊಳವೆಯ ತುದಿ ಪೈಪಿನಿಂದ ಕಳಚಿಕೊಂಡರೂ ಎಣ್ಣೆ ಸಮ ಆಗುತ್ತದೆ, ಆದರೆ ಆಗ ಫ್ಯಾನಿನ ಸದ್ದು ಇರುತ್ತಿತ್ತು, ಅಲ್ವಾ? ಕರೆಂಟ್ ಬರುತ್ತಿದ್ದೂ ತಿರುಗುತ್ತಿಲ್ಲ ಎಂದರೆ ಫ್ಯಾನೇ ಹೋಗಿದೆ. ಈ ಫ್ಯಾನುಗಳು ಹಗಲು ರಾತ್ರಿ ಓಡುವಂಥವು, ಸಾಮಾನ್ಯವಾಗಿ 5ರಿಂದ 10 ವರ್ಷ ಬರುತ್ತವೆ. ನಿಮ್ಮದು ಸ್ವಲ್ಪ ಬೇಗ ಹೋಯಿತು. ಬದಲಾಯಿಸಿ, ಮತ್ತು ಮುಂದೆ ಸದ್ದು ಅಂತ ರಾತ್ರಿ ಆರಿಸಬೇಡಿ. ಪೈಪಿನಲ್ಲಿ ನೀರು ಗುಳುಗುಳು ಅಂದರೆ ಎಲ್ಲೋ ಪೈಪ್ ಜೋತುಬಿದ್ದು ನೀರು ನಿಂತಿರುತ್ತದೆ, ಅದನ್ನೂ ಸರಿಮಾಡಿಸಿ.

ಹೊಸ ಫ್ಯಾನ್ ಬಂದು ಒಂದು ದಿನ ಕಳೆದ ಮೇಲೆ, ತಿಂಗಳೊಳಗೆ, ಮನೆಯ ರೇಡಾನ್ ಅಳೆಸಿ. ಆಮೇಲೆ ಎಲ್ಲ ಸರಿ ಕಂಡರೂ ಎರಡು ವರ್ಷಕ್ಕೊಮ್ಮೆ ಅಳೆಸುತ್ತಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ ಒಂದು ಘನ ಮೀಟರ್ ಗಾಳಿಗೆ 100 ಬೆಕೆರೆಲ್ (ವಿಕಿರಣಶೀಲತೆ ಅಳೆಯುವ ಮಾನ), ಅದು ಆಗದಿದ್ದರೂ 300 ದಾಟಬಾರದು. ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ ಅಂದರೆ, ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟು ಬಿಟ್ಟರೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಮನೆಯಲ್ಲಿ ಸಿಗರೇಟು ಸೇದುವವರಿದ್ದರೆ ಅವರಿಗೆ ಅಪಾಯ ಇನ್ನೂ ಜಾಸ್ತಿ.

ಪ್ರಶ್ನೆ: ಇಷ್ಟೆಲ್ಲ ಖರ್ಚು ಯಾಕೆ? ಬಿರುಕು ಮುಚ್ಚಿಸಿ ಕಿಟಕಿ ತೆರೆದಿಟ್ಟರೆ ಸಾಲದಾ?

ಉತ್ತರ: ಕಿಟಕಿ ತೆರೆದಾಗ ಇಳಿಯುತ್ತದೆ, ನಿಜ. ಮುಚ್ಚಿ ಅರ್ಧ ದಿನ ಆಗುವಷ್ಟರಲ್ಲಿ ಸಾಮಾನ್ಯವಾಗಿ ಮತ್ತೆ ಮೊದಲಿನ ಮಟ್ಟಕ್ಕೇ ಬರುತ್ತದೆ. ಚಳಿಯಲ್ಲಿ ಯಾರು ಇಡೀ ರಾತ್ರಿ ತೆರೆದಿಡುತ್ತಾರೆ? ಬಿರುಕು ಮುಚ್ಚಿಸಿ, ಅದರಿಂದ ಫ್ಯಾನಿನ ಎಳೆತ ಪೋಲಾಗುವುದಿಲ್ಲ. ಆದರೆ ಅದೊಂದನ್ನೇ ನಂಬಬೇಡಿ, ಮನೆಯ ತಳ ಸ್ವಲ್ಪ ಸ್ವಲ್ಪವೇ ಇಳಿದು ಕೂರುತ್ತಾ ಹೊಸ ಬಿರುಕು ಬಿಡುತ್ತಲೇ ಇರುತ್ತದೆ.

ಪ್ರಶ್ನೆ: ಪಕ್ಕದ ಮನೆಯಲ್ಲಿ ಕಡಿಮೆ ಬಂತಂತೆ. ನಾವೂ ಪರೀಕ್ಷೆ ಮಾಡಿಸಬೇಕಾ?

ಉತ್ತರ: ಮಾಡಿಸಿ. ಅಕ್ಕಪಕ್ಕದ ಎರಡು ಮನೆಗಳಲ್ಲೇ ಲೆಕ್ಕ ಬೇರೆ ಬೇರೆ ಬರುತ್ತದೆ. ಕೆಲವೇ ದಿನದ ಪರೀಕ್ಷೆಯಾದರೆ 12 ಗಂಟೆ ಮೊದಲೇ ಕಿಟಕಿ, ಹೊರಬಾಗಿಲು ಮುಚ್ಚಿಡಿ, ಮುಗಿಯುವವರೆಗೂ ಓಡಾಡುವಾಗ ಮಾತ್ರ ಬಾಗಿಲು ತೆರೆಯಿರಿ.