ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಸವೆದ ಕಾರ್ಟಿಲೇಜ್ ಯಾಕೆ ಬೆಳೆಯುವುದಿಲ್ಲ?

ನೀವು ಕೇಳಿದ್ದು ಇಷ್ಟು: ಅಮ್ಮನ ಮಣಿಕಟ್ಟಿನ ಮೂಳೆ ಮುರಿದಾಗ ಆರು ವಾರದಲ್ಲಿ ಕೂಡಿಕೊಂಡಿತು. ಈಗ ಮಂಡಿಯ ಕಾರ್ಟಿಲೇಜ್ (ಮೂಳೆಯ ತುದಿಗೆ ಹೊದಿಕೆಯಾಗಿರುವ ನುಣುಪು ಪದರ) ಸವೆದಿದೆ, ಅದು ಮತ್ತೆ ಬರುವುದಿಲ್ಲ ಅಂತಾರೆ. ಯಾಕೆ? ಕೊಲಾಜೆನ್ ಪುಡಿ ಕೊಡಬಹುದಾ? ನಡೆದರೆ ಇನ್ನೂ ಸವೆಯುತ್ತಾ?

ನಾನು ಫಿಸಿಯೋಥೆರಪಿ ವಿದ್ಯಾರ್ಥಿಗಳಿಗೆ ಅನಾಟಮಿ ಪಾಠ ಮಾಡುವವಳು. ಈ ಪ್ರಶ್ನೆ ನನಗೆ ತುಂಬಾ ಇಷ್ಟ.

ಮುಖ್ಯ ಕಾರಣ ರಕ್ತ. ಮೂಳೆಯ ತುಂಬ ರಕ್ತನಾಳಗಳಿವೆ. ಮುರಿದ ಕೂಡಲೇ ರಕ್ತ ಸೋರಿ ಹೆಪ್ಪುಗಟ್ಟುತ್ತದೆ, ರಿಪೇರಿ ಮಾಡುವ ಜೀವಕೋಶಗಳು ಅಲ್ಲಿಗೆ ಬಂದು ಸೇರುತ್ತವೆ. ಕಾರ್ಟಿಲೇಜ್‌ನಲ್ಲಿ (ಶಾಲೆಯಲ್ಲಿ ಮೃದ್ವಸ್ಥಿ ಅಂತ ಓದಿರುತ್ತೀರಿ) ರಕ್ತನಾಳ ಇಲ್ಲ, ನರವೂ ಇಲ್ಲ. ಮಂಡಿಯಲ್ಲಿ ಅದರ ದಪ್ಪ ಕೆಲವೇ ಮಿಲಿಮೀಟರ್. ಅದರೊಳಗೆ ಜೀವಕೋಶಗಳು ತುಂಬಿರುವುದು ಸುಮಾರು 2% ಜಾಗವನ್ನು ಮಾತ್ರ. ಅವೂ ಒಂದೊಂದು ತಮ್ಮ ಪುಟ್ಟ ಗೂಡಿನಲ್ಲಿ ಸಿಕ್ಕಿಕೊಂಡಿರುತ್ತವೆ. ಪಕ್ಕದಲ್ಲೇ ಗಾಯವಾದರೂ ಅಲ್ಲಿಗೆ ಹೋಗಲು ಆಗುವುದಿಲ್ಲ.

ಉಳಿದದ್ದೆಲ್ಲ ಏನು? ಹೆಚ್ಚಿನ ಪಾಲು ನೀರು, ತೂಕದ ಮುಕ್ಕಾಲು ಭಾಗದಷ್ಟು. ಆ ನೀರನ್ನು ಹಿಡಿದಿಡುವುದು ಆಗ್ರಿಕ್ಯಾನ್ ಎಂಬ ದೊಡ್ಡ ಅಣು. ಅದರ ಮೇಲೆಲ್ಲ ಋಣ ವಿದ್ಯುದಂಶ ಇರುವುದರಿಂದ ಅದು ನೀರನ್ನು ಎಳೆದುಕೊಂಡು ಉಬ್ಬಲು ನೋಡುತ್ತದೆ. ಸುತ್ತಲೂ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಬಲೆ ಇದೆ, ಅದು ಉಬ್ಬಲು ಬಿಡುವುದಿಲ್ಲ. ಮೊಳಕೆಗೆಂದು ನೆನೆದ ಕಾಳನ್ನು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಗಂಟು ಗಟ್ಟಿಯಾಗುತ್ತಲ್ಲ, ಹಾಗೆ. ಈ ಒಳಗಿನ ಬಿಗುವೇ ನಮ್ಮ ಭಾರ ಹೊರುವುದು. ಕಾಲೂರಿದಾಗ ಸ್ವಲ್ಪ ನೀರು ಹೊರಕ್ಕೆ ಜಿನುಗುತ್ತದೆ, ಕಾಲೆತ್ತಿದಾಗ ಮತ್ತೆ ಒಳಗೆ ಬರುತ್ತದೆ.

ಮೂಳೆ, ಲಿಗಮೆಂಟ್, ಕೊಬ್ಬು, ರಕ್ತ ಎಲ್ಲವೂ ಕಾರ್ಟಿಲೇಜ್‌ನ ಬಳಗವೇ, ಸಂಯೋಜಕ ಅಂಗಾಂಶ. ಆದರೆ ರಕ್ತ ಎಷ್ಟು ಸಿಗುತ್ತದೆ ಅನ್ನುವುದರ ಮೇಲೆ ವಾಸಿಯಾಗುವ ರೀತಿಯೇ ಬೇರೆಯಾಗುತ್ತದೆ. ಇದಕ್ಕೆ ಮಂಡಿಯೊಳಗೇ ಸಾಕ್ಷಿ ಇದೆ. ಮೆನಿಸ್ಕಸ್ ಎಂಬ ಅರ್ಧಚಂದ್ರದ ಆಕಾರದ, ಬೇರೆ ಬಗೆಯ ಕಾರ್ಟಿಲೇಜ್‌ನ ಹೊರ ಅಂಚಿಗೆ ರಕ್ತ ಬರುತ್ತದೆ. ಅಲ್ಲಿ ಹರಿದರೆ ಹೊಲಿಗೆ ಹಾಕಿ ವಾಸಿ ಮಾಡಬಹುದು. ಒಳ ಅಂಚಿಗೆ ರಕ್ತ ಇಲ್ಲ, ಅಲ್ಲಿ ಹರಿದದ್ದು ಕೂಡುವುದು ಅಪರೂಪ.

ನನಗೆ ಇನ್ನೂ ಅಚ್ಚರಿಯ ವಿಷಯ ಬೇರೆ. ಮುರಿದ ಮೂಳೆ ಕೂಡಿಕೊಳ್ಳುವಾಗ ಬಿರುಕಿನ ಜಾಗದಲ್ಲಿ ದೇಹ ಎಷ್ಟೋ ಸಲ ಮೊದಲು ಕಾರ್ಟಿಲೇಜನ್ನೇ ಕಟ್ಟುತ್ತದೆ! ಆಮೇಲೆ ರಕ್ತನಾಳಗಳು ನುಗ್ಗಿ ಅದು ಮೂಳೆಯಾಗಿ ಮಾರ್ಪಡುತ್ತದೆ. ಗರ್ಭದಲ್ಲಿ ಕೈಕಾಲಿನ ಮೂಳೆಗಳು ಬೆಳೆಯುವುದೂ ಹೀಗೆಯೇ. ಅಂದರೆ ಕಾರ್ಟಿಲೇಜ್ ಮಾಡುವುದು ದೊಡ್ಡವರ ದೇಹಕ್ಕೂ ಗೊತ್ತು. ಕೀಲಿನ ಮೇಲ್ಮೈಯಲ್ಲಿ ಅದನ್ನು ಮತ್ತೆ ಮಾಡಿ ಹಾಗೆಯೇ ಉಳಿಸಿಕೊಳ್ಳುವುದು ಮಾತ್ರ ಆಗುವುದಿಲ್ಲ.

ಹಾಳಾದ ಕಾರ್ಟಿಲೇಜ್ ಸರಿಹೋಗುವುದಿಲ್ಲ ಎಂದು ಸ್ಕಾಟ್ಲೆಂಡಿನ ಅನಾಟಮಿ ತಜ್ಞ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು. 2016ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಇದನ್ನು ಬೇರೆ ದಾರಿಯಲ್ಲಿ ನೋಡಿದರು. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಜಾಸ್ತಿಯಾಗಿತ್ತು. ಅದು ಊಟದ ಮೂಲಕ ಎಲ್ಲರ ದೇಹಕ್ಕೂ ಸೇರಿತು. ಮಂಡಿಯ ಕೊಲಾಜೆನ್‌ನಲ್ಲಿ ಅದನ್ನು ಅಳೆದರೆ, ಸಿಕ್ಕಿದ್ದು ಆ ವ್ಯಕ್ತಿ ಬೆಳೆಯುತ್ತಿದ್ದ ವರ್ಷಗಳ ಗುರುತು. ದೊಡ್ಡವರಾದ ಮೇಲೆ ಆ ಬಲೆ ಹೊಸದಾಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಸವೆದ ಮಂಡಿಯಲ್ಲೂ ಅಷ್ಟೇ.

ಹಾಗಾಗಿ ಪುಡಿಯ ಬಗ್ಗೆ ನನ್ನ ಅಭಿಪ್ರಾಯ ನೇರ: ಕಾರ್ಟಿಲೇಜ್ ಬೆಳೆಯಲಿ ಅಂತ ಆ ದುಡ್ಡು ಹಾಕಬೇಡಿ. ತಿಂದ ಕೊಲಾಜೆನ್ ಹೊಟ್ಟೆ, ಕರುಳಿನಲ್ಲಿ ಚೂರುಚೂರಾಗುತ್ತದೆ. ಅದು ಸೀದಾ ಮಂಡಿಗೆ ಹೋಗಿ ಅಂಟಿಕೊಳ್ಳುವುದಿಲ್ಲ. ಮಂಡಿನೋವಿಗೆ ಅಂತ ಮಾರುವ ಗ್ಲುಕೋಸಮೈನ್ ಮಾತ್ರೆಯನ್ನೂ ಅಮೆರಿಕದಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿದ್ದರು. 2006ರಲ್ಲಿ ಬಂದ ಫಲಿತಾಂಶದಲ್ಲಿ, ಒಟ್ಟಾರೆ ನೋಡಿದರೆ ಅದು ಸುಮ್ನೆ ಕೊಟ್ಟ ಖಾಲಿ ಮಾತ್ರೆಗಿಂತ ಹೆಚ್ಚು ನೋವು ಕಡಿಮೆ ಮಾಡಲಿಲ್ಲ. ರೋಗಿಯದೇ ಕಾರ್ಟಿಲೇಜ್ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಕೂರಿಸುವ ಚಿಕಿತ್ಸೆ ಇದೆ, ಸ್ವೀಡನ್ನಿನ ವೈದ್ಯರು 1994ರಲ್ಲಿ ಪ್ರಕಟಿಸಿದ್ದು. ಅದು ಪೆಟ್ಟು ಬಿದ್ದು ಒಂದು ಕಡೆ ಗುಂಡಿಯಾದ ಎಳೆಯರ ಮಂಡಿಗೆ ಸರಿ. ವಯಸ್ಸಾಗಿ ಇಡೀ ಕೀಲು ಸವೆದವರಿಗೆ ಅಲ್ಲ.

ಇನ್ನು ನಡಿಗೆ. ದಯವಿಟ್ಟು ಅಮ್ಮನನ್ನು ಕೂರಿಸಿಬಿಡಬೇಡಿ. ರಕ್ತ ಇಲ್ಲದ ಕಾರ್ಟಿಲೇಜ್‌ಗೆ ಆಹಾರ ಸಿಗುವುದು ಮುಖ್ಯವಾಗಿ ಕೀಲಿನ ದ್ರವದಿಂದ. ಮಂಡಿ ಆಡಿದಾಗ ಆ ದ್ರವ ಚೆನ್ನಾಗಿ ಓಡಾಡುತ್ತದೆ. ತಿಂಗಳುಗಟ್ಟಲೆ ಭಾರ ಬೀಳದಿದ್ದರೆ ಕಾರ್ಟಿಲೇಜ್ ತೆಳುವಾಗುತ್ತದೆ. ಜೊತೆಗೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ, ಮಂಡಿಗೆ ಆಸರೆ ತಪ್ಪುತ್ತದೆ. ನೋವು ಬರುವುದು ಕಾರ್ಟಿಲೇಜ್‌ನಿಂದ ಅಲ್ಲ (ಅಲ್ಲಿ ನರವೇ ಇಲ್ಲವಲ್ಲ), ಅದರ ಕೆಳಗಿನ ಮೂಳೆ ಮತ್ತು ಕೀಲಿನ ಒಳಪೊರೆಯಂಥ ಜಾಗಗಳಿಂದ. ಆದ್ದರಿಂದ ಕಾರ್ಟಿಲೇಜ್ ಬೆಳೆಯದಿದ್ದರೂ ನೋವು ಕಡಿಮೆಯಾಗಬಹುದು, ಎಷ್ಟೋ ಜನರಿಗೆ ಆಗಿದೆ. ತೂಕ ಜಾಸ್ತಿ ಇದ್ದರೆ ಅದನ್ನು ಇಳಿಸುವುದು ದೊಡ್ಡ ಸಹಾಯ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆ.

ಸಮತಟ್ಟಾದ ಜಾಗದಲ್ಲಿ ನಡೆಯಲಿ. ಕುರ್ಚಿಯಲ್ಲಿ ಕೂತು ಕಾಲು ನೀಟಿ ಹಿಡಿಯುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕಲಿತುಕೊಳ್ಳಲಿ. ಮಂಡಿ ಬಿಸಿಯಾಗಿ ಕೆಂಪಗೆ ಊದಿದರೆ, ಅಥವಾ ಮಡಿಸಿದ್ದು ಬಿಡಿಸಲು ಬರದೆ ಸಿಕ್ಕಿಕೊಂಡರೆ, ವ್ಯಾಯಾಮ ನಿಲ್ಲಿಸಿ ಬೇಗ ಡಾಕ್ಟರಿಗೆ ತೋರಿಸಿ.