ವಾಗ್ದಾನದ ಕಾರ್ಡು, ಅನಾತೋತಿನ ಹೊಲ

ಓದುಗರ ಪತ್ರ: ದುಬೈನಲ್ಲಿದ್ದ ಕೆಲಸ ಹೋಯಿತು. ಊರಿಗೆ ಬಂದು ಐದು ತಿಂಗಳಾಯಿತು. ಮನೆ ಸಾಲ ಇದೆ, ಮಗಳು ಪಿಯುಸಿ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ನಾನು ಎತ್ತಿದ ವಾಗ್ದಾನದ ಕಾರ್ಡಿನಲ್ಲಿ (ಹೊಸ ವರ್ಷಕ್ಕೆಂದು ಎತ್ತುವ, ಬೈಬಲಿನ ಒಂದು ವಚನವಿರುವ ಕಾರ್ಡು) ಯೆರೆಮೀಯ 29:11 ಬಂದಿತ್ತು: ನಿಮ್ಮ ವಿಷಯದಲ್ಲಿ ನನ್ನ ಯೋಚನೆಗಳು ಹಿತದವು, ನಿಮಗೆ ನಿರೀಕ್ಷೆ ಕೊಡುತ್ತೇನೆ ಎಂಬ ದೇವರ ಮಾತು. ಅದನ್ನು ನಂಬಿದ್ದು ತಪ್ಪಾಯಿತೇ? 'ನಿಮ್ಮ ನಂಬಿಕೆ ಸಾಲದು' ಎಂದು ಸಭೆಯವರೊಬ್ಬರು ಹೇಳಿದರು. ಹೆಂಡತಿ ಮನೆ ಮುಂದೆ ಟಿಫಿನ್ ಅಂಗಡಿ ಹಾಕೋಣ ಅನ್ನುತ್ತಾಳೆ. ಇಂಥ ಹೊತ್ತಿನಲ್ಲಿ ಹೊಸದು ಶುರು ಮಾಡುವುದು ಹುಚ್ಚಲ್ಲವೇ?
– ಉಡುಪಿ ಜಿಲ್ಲೆಯ ಓದುಗರು

ಸಂಪಾದಕರ ಉತ್ತರ:

ಸಹೋದರರೇ,

ನಂಬಿದ್ದು ತಪ್ಪಲ್ಲ. ಕಾರ್ಡಿನಲ್ಲಿ ಒಂದೇ ವಚನಕ್ಕೆ ಜಾಗ, ಅದೇ ತೊಂದರೆ. ಅದರ ಹಿಂದಿನ ವಚನ ನೋಡಿ. ಬಾಬೆಲಿನಲ್ಲಿ (ಬ್ಯಾಬಿಲೋನ್) 70 ವರ್ಷ ಕಳೆಯಬೇಕು ಎಂದಿದೆ. ಯೆರೂಸಲೇಮಿನಿಂದ ಅಲ್ಲಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರ ಅದು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹೇಳುವ ಹನನ್ಯ ಎಂಬ ಪ್ರವಾದಿಯೂ ಆಗ ಇದ್ದ. (ಹನನ್ಯರಿಗೆ ಈಗಲೂ ಬರವಿಲ್ಲ, ಮೈಕ್ ಸೌಂಡೂ ಜಾಸ್ತಿ.) ಯೆರೆಮೀಯ ಮಾತ್ರ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಎಂದು ಬರೆದ.

ಆದರೆ ನಿಮಗೆ ನಾನು ಹೇಳಬೇಕೆಂದಿರುವುದು ಅದೇ ಗ್ರಂಥದ 32ನೇ ಅಧ್ಯಾಯದ ಕಥೆ. ಯೆರೂಸಲೇಮಿನ ಸುತ್ತ ಕಸ್ದೀಯರ, ಅಂದರೆ ಬಾಬೆಲಿನವರ, ದಂಡು. ಯೆರೆಮೀಯನು ಅರಮನೆಯ ಕಾವಲಂಗಳದಲ್ಲಿ ಬಂದಿ. ಅಲ್ಲಿಗೆ ದಾಯಾದಿ ಹನಮೇಲ ಬಂದು, ತಮ್ಮೂರು ಅನಾತೋತಿನ ಹೊಲ ಕೊಂಡುಕೋ ಅನ್ನುತ್ತಾನೆ. ನಾಳೆ ಶತ್ರುವಿನ ಪಾಲಾಗುವ ನೆಲ! ದೇವರ ಮಾತೆಂದು ಯೆರೆಮೀಯ ಕೊಳ್ಳುತ್ತಾನೆ. 17 ಶೆಕೆಲ್ (ಆಗಿನ ಒಂದು ತೂಕ) ಬೆಳ್ಳಿ ತೂಗಿ ಕೊಡುತ್ತಾನೆ, ಸಾಕ್ಷಿ ಹಾಕಿಸುತ್ತಾನೆ. ಮುದ್ರೆ ಹಾಕಿದ್ದೊಂದು, ತೆರೆದದ್ದೊಂದು, ಎರಡು ಕ್ರಯಪತ್ರ. ಬಹುಕಾಲ ಉಳಿಯಲೆಂದು ಅವನ್ನು ಮಣ್ಣಿನ ಮಡಕೆಯಲ್ಲಿ ಇಡಿಸುತ್ತಾನೆ. ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನಷ್ಟೇ ಅಚ್ಚುಕಟ್ಟು.

ಇಷ್ಟೆಲ್ಲ ಮುಗಿಸಿದ ಮೇಲೆ ಪ್ರಾರ್ಥನೆಗೆ ಕೂರುತ್ತಾನೆ. ಊರೇ ಶತ್ರುಗಳ ಕೈಗೆ ಹೋಗುತ್ತಿದೆ, ನೀನು ನೋಡಿದರೆ ಹೊಲ ಕೊಳ್ಳು ಎಂದೆಯಲ್ಲ ಎಂದು ದೇವರನ್ನೇ ಕೇಳುತ್ತಾನೆ. ದುಡ್ಡು ಕೊಟ್ಟಾಗಿದೆ, ಗೊಂದಲ ಹೋಗಿಲ್ಲ. ನಂಬಿಕೆ ಸಾಲದು ಎಂದವರಿಗೆ ಈ ಪ್ರಾರ್ಥನೆ ತೋರಿಸಿ.

ಕನ್ನಡ ಬೈಬಲಿನಲ್ಲಿ 'ನಂಬಿಕೆ, ನಿರೀಕ್ಷೆ, ಪ್ರೀತಿ' ಎಂದು ಓದುತ್ತೇವಲ್ಲ, ಆ ನಿರೀಕ್ಷೆ ನಮ್ಮ ದಿನದ ಮಾತಿನಲ್ಲಿ ಕಾಯುವುದೂ ಹೌದು. ಯೆರೆಮೀಯ ಕಾದ, ಸುಮ್ನೆ ಕೂತು ಕಾಯಲಿಲ್ಲ ಅಷ್ಟೆ. ಆ ಹೊಲ ಅವನು ಉತ್ತನೆಂದು ಎಲ್ಲೂ ಬರೆದಿಲ್ಲ. ಊರು ಬಿದ್ದ ಮೇಲೆ ಜನ ಅವನನ್ನು ಐಗುಪ್ತಕ್ಕೆ (ಈಜಿಪ್ಟ್) ಕರೆದುಕೊಂಡು ಹೋದರು. ಆದರೆ ಎಜ್ರನ ಗ್ರಂಥದ 2ನೇ ಅಧ್ಯಾಯದಲ್ಲಿ ಬಾಬೆಲಿನಿಂದ ಹಿಂತಿರುಗಿದವರ ಪಟ್ಟಿ ಇದೆ. ಓದಲು ಬೇಸರ ಎಂದು ನಾವೆಲ್ಲ ಹಾರಿಸುವ ಪುಟ. ಅಲ್ಲಿ ಒಂದು ಸಾಲು: ಅನಾತೋತಿನವರು 128 ಮಂದಿ.

ನಿಮ್ಮ ಟಿಫಿನ್ ಅಂಗಡಿ ನಡೆದೇ ನಡೆಯುತ್ತದೆ ಎಂದು ನಾನು ಹೇಳಲಾರೆ. ಹಾಗೆ ಹೇಳಿದರೆ ನಾನೂ ಹನನ್ಯನೇ. ಚಿಕ್ಕದಾಗಿ ಶುರು ಮಾಡಿ, ಅದಕ್ಕಾಗಿ ಇನ್ನೊಂದು ಸಾಲ ಬೇಡ. ಮನೆ ಸಾಲದ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಿ, ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಲೆಕ್ಕದಲ್ಲಿ ಅವರೇ ಜೋರು ಅಂತ ನಿಮ್ಮ ಪತ್ರದಲ್ಲೇ ಗೊತ್ತಾಗುತ್ತದೆ.

ಅಂಗಡಿ ತೆರೆದ ದಿನ ಒಂದು ಕಾರ್ಡು ಹಾಕಿ. ಆ ಕಡೆ ಬಂದಾಗ ನೀರುದೋಸೆ ತಿನ್ನುತ್ತೇನೆ, ದುಡ್ಡು ಕೊಟ್ಟೇ.