ಶನಿವಾರ ಕಾರು ಓಡಿಸಬಹುದೇ? ಮೂವರು ಯಹೂದಿಗಳ ಮೂರು ಉತ್ತರ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನಮಗೆ ಮೂವರು ಯಹೂದಿ ಸ್ನೇಹಿತರು. ಒಬ್ಬರು ಶನಿವಾರ ಮಳೆ ಸುರಿದರೂ ಯಹೂದಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ನಡೆದೇ ಹೋಗುತ್ತಾರೆ. ಇನ್ನೊಬ್ಬರು ಕಾರಿನಲ್ಲಿ ಹೋಗುತ್ತಾರೆ, ಆದರೆ ಪ್ರಾರ್ಥನೆ ಮುಗಿದ ಮೇಲೆ ಸೀದಾ ಮನೆಗೆ. ಮೂರನೆಯವರು ಎಲ್ಲಿಗೆ ಬೇಕಾದರೂ ಹೋಗುತ್ತಾರೆ. ಧರ್ಮದ ಪ್ರಕಾರವೇ ನಡೀತಿದ್ದೇವೆ ಅಂತ ಮೂವರೂ ಹೇಳುತ್ತಾರೆ. ಗ್ರಂಥ ಒಂದೇ ಅಲ್ವಾ? ಹಾಗಾದರೆ ಯಾರು ಸರಿ? ಮುಂದಿನ ತಿಂಗಳು ಶನಿವಾರ ನಮ್ಮ ಗೃಹಪ್ರವೇಶ. ಮೂವರನ್ನೂ ಕರೆಯಬಹುದೇ?

ಉತ್ತರ: ಗ್ರಂಥ ಒಂದೇ, ನಿಜ. ಅದರ ಅರ್ಥ ಹೇಳುವ ಅಧಿಕಾರ ಯಾರದು ಎಂಬಲ್ಲಿ ಜಗಳ. ಒಬ್ಬರು ಕಟ್ಟುನಿಟ್ಟು, ಒಬ್ಬರು ಸಡಿಲ ಎಂದು ಅಳೆಯಲು ಹೋದರೆ ನಿಮ್ಮ ಎರಡನೆಯ ಸ್ನೇಹಿತರು ಅರ್ಥವೇ ಆಗುವುದಿಲ್ಲ.

ಸಬ್ಬತ್ ದಿನ, ಅಂದರೆ ಶನಿವಾರದ ವಿಶ್ರಾಂತಿಯ ದಿನ, ಕೆಲಸ ಮಾಡಬೇಡಿ, ಮನೆಯಲ್ಲಿ ಬೆಂಕಿ ಹೊತ್ತಿಸಬೇಡಿ ಎಂದು ಯಹೂದಿಗಳ ಮೂಲ ಧರ್ಮಗ್ರಂಥ ತೋರಾ ಹೇಳುತ್ತದೆ. ಕೆಲಸ ಅಂದರೆ ಯಾವುದು ಎಂದು ಅಲ್ಲಿ ಬಿಡಿಸಿ ಹೇಳಿಲ್ಲ. ಸುಮಾರು ಕ್ರಿ.ಶ. 200ರಲ್ಲಿ ಸಂಕಲನವಾದ ಕಾನೂನು ಗ್ರಂಥ ಮಿಷ್ನಾ 39 ಬಗೆಯ ಕೆಲಸಗಳನ್ನು ಪಟ್ಟಿ ಮಾಡಿತು. ಉಳುವುದು, ನೇಯುವುದು, ಬರೆಯುವುದು, ಬೆಂಕಿ ಹಚ್ಚುವುದು ಎಲ್ಲ ಅದರಲ್ಲಿವೆ. ಹೀಗೆ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಚರ್ಚೆಯಲ್ಲಿ ಬೆಳೆದುಬಂದ ಕಾನೂನಿಗೆ ಹಲಾಖಾ ಎನ್ನುತ್ತಾರೆ.

ನಡೆದು ಹೋಗುವವರು ಬಹುಶಃ ಆರ್ಥೊಡಾಕ್ಸ್. ಕಾನೂನು ದೇವರಿಂದ ಬಂದದ್ದು, ಅದನ್ನು ಬಿಡಿಸಿ ಹೇಳಿದ ರಬ್ಬಿಗಳ ಪರಂಪರೆಗೂ ನಾವು ಬದ್ಧರು ಎಂಬುದು ಅವರ ನಿಲುವು. ಕಾರಿನ ಎಂಜಿನ್ ಒಳಗೆ ಕಿಡಿ ಹೊತ್ತಿ ಪೆಟ್ರೋಲ್ ಉರಿಯುತ್ತದೆ, ಅಂದರೆ ಬೆಂಕಿ. ಅಲ್ಲಿಗೆ ಮಾತು ಮುಗಿಯಿತು. ಅದಕ್ಕೇ ಅವರು ಸಿನಗಾಗ್‌ಗೆ ನಡೆದು ಹೋಗುವಷ್ಟು ಹತ್ತಿರವೇ ಮನೆ ಮಾಡುತ್ತಾರೆ. ಹಾಗಂತ ಅವರೊಳಗೆ ವಾದವಿಲ್ಲ ಎಂದುಕೊಳ್ಳಬೇಡಿ. ಲೈಟಿನ ಸ್ವಿಚ್ ಹಾಕುವುದು ಯಾಕೆ ತಪ್ಪು? ವಿದ್ಯುತ್ತಿನ ಸರ್ಕ್ಯೂಟ್ ಕೂಡಿಸುವುದು ಏನನ್ನೋ ಕಟ್ಟಿದ ಹಾಗೆ ಎಂದು ಹಜೋನ್ ಇಶ್ ಎಂದೇ ಹೆಸರಾದ ರಬ್ಬಿ ಹೇಳಿದರು. ಜೆರುಸಲೇಮಿನ ರಬ್ಬಿ ಶ್ಲೋಮೊ ಝಲ್ಮನ್ ಔಎರ್‌ಬಾಖ್ ಆ ಕಾರಣವನ್ನು ಒಪ್ಪಲಿಲ್ಲ. ಆದರೂ ರೂಢಿ ಬಂದುಬಿಟ್ಟಿದೆ, ಮುಟ್ಟಬೇಡಿ ಎಂದರು. ಕಾರಣದಲ್ಲಿ ಒಮ್ಮತವಿಲ್ಲ, ತೀರ್ಪು ಮಾತ್ರ ಒಂದೇ!

ಎರಡನೆಯವರು ಕನ್ಸರ್ವೇಟಿವ್ ಇರಬೇಕು. ಹೆಸರು ಕೇಳಿ ಇವರೇ ಅತಿ ಸಂಪ್ರದಾಯಸ್ಥರು ಅಂದುಕೊಳ್ಳುವವರು ಜಾಸ್ತಿ. ಹಾಗಲ್ಲ, ಇವರು ನಡುದಾರಿಯವರು. ಹಲಾಖಾ ಪಾಲಿಸಲೇಬೇಕು, ಆದರೆ ಅದು ಕಾಲಕಾಲಕ್ಕೆ ಬೆಳೆದದ್ದು, ಇಂದಿನ ರಬ್ಬಿಗಳೂ ಬೆಳೆಸಬಹುದು ಎನ್ನುತ್ತಾರೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಯಹೂದಿ ಕುಟುಂಬಗಳು ನಗರ ಬಿಟ್ಟು ಹೊರವಲಯಗಳಿಗೆ ಹೋದವು. ಸಿನಗಾಗ್ ದೂರವಾಯಿತು. 1950ರಲ್ಲಿ ಇವರ ಕಾನೂನು ಸಮಿತಿಯಲ್ಲಿ ಮಾರಿಸ್ ಆಡ್ಲರ್, ಜೇಕಬ್ ಏಗಸ್, ಥಿಯೋಡರ್ ಫ್ರೀಡ್ಮನ್ ಎಂಬ ರಬ್ಬಿಗಳು ಒಂದು ಅಭಿಪ್ರಾಯ ಬರೆದರು. ಎಂಜಿನ್‌ನ ಬೆಂಕಿಯನ್ನು ಯಾರೂ ಬೆಂಕಿ ಬೇಕು ಅಂತ ಹೊತ್ತಿಸುವುದಿಲ್ಲ. ಹಾಗಾಗಿ ಆ ನಿಷೇಧ ತೋರಾದ ನೇರ ನಿಷೇಧದಷ್ಟು ಗಟ್ಟಿಯಲ್ಲ. ನಡೆಯಲಾರದಷ್ಟು ದೂರದಲ್ಲಿರುವವರಿಗೆ ಸಾಮೂಹಿಕ ಪ್ರಾರ್ಥನೆ ಅದಕ್ಕಿಂತ ಮುಖ್ಯ. ಆದ್ದರಿಂದ ಸಿನಗಾಗ್‌ಗೆ ಕಾರಿನಲ್ಲಿ ಬನ್ನಿ, ಬೇರೆಲ್ಲಿಗೂ ಬೇಡ. ನಿಮ್ಮ ಸ್ನೇಹಿತರು ಸೀದಾ ಮನೆಗೆ ಹೋಗುವುದು ಇದಕ್ಕೇ. ಸಮಿತಿಯೊಳಗೇ ಇದಕ್ಕೆ ವಿರೋಧವಿತ್ತು. ಇಸ್ರೇಲಿನಲ್ಲಿರುವ ಇದೇ ಪಂಥದ ರಬ್ಬಿಗಳು ಇದನ್ನು ಒಪ್ಪಿಲ್ಲ. ನನ್ನ ಅನಿಸಿಕೆ ಕೇಳಿದರೆ, ವಾದ ಜಾಣತನದ್ದು, ಸಮಾಜದ ಲೆಕ್ಕ ಕೈಕೊಟ್ಟಿತು. ಸಿನಗಾಗ್ ಸುತ್ತ ನೆಲೆಸಲು ಇದ್ದ ದೊಡ್ಡ ಕಾರಣವೇ ಹೋಯಿತು.

ಮೂರನೆಯವರು ರಿಫಾರ್ಮ್ ಎನಿಸುತ್ತದೆ. ನೀತಿಯ ನಿಯಮಗಳು ಶಾಶ್ವತ, ಊಟ–ಉಡುಪಿನ ಹಳೆಯ ಕಟ್ಟಳೆಗಳು ನಮಗೆ ಕಡ್ಡಾಯವಲ್ಲ ಎಂದು ಇವರ ರಬ್ಬಿಗಳು 1885ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಘೋಷಿಸಿದರು. ಈಗ ಹಳೆಯ ಆಚರಣೆಗಳ ಕಡೆ ಒಲವು ಮತ್ತೆ ಬಂದಿದೆ. ಆದರೆ ತಿಳಿದುಕೊಂಡು ಆರಿಸಿಕೊಳ್ಳುವುದು ಆಯಾ ವ್ಯಕ್ತಿಗೇ ಬಿಟ್ಟದ್ದು.

ಮಿಷ್ನಾದ ಮೇಲಿನ ರಬ್ಬಿಗಳ ಚರ್ಚೆಗಳ ಗ್ರಂಥವಾದ ತಾಲ್ಮುಡ್‌ನಲ್ಲಿ ಒಂದು ಕಥೆಯಿದೆ. ಒಂದು ಒಲೆ ಶುದ್ಧವೋ ಅಲ್ಲವೋ ಎಂದು ವಾದ. ರಬ್ಬಿ ಎಲಿಯೇಜರ್ ಒಬ್ಬರೇ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ಅವರ ಪರವಾಗಿ ಮರ ಕಿತ್ತು ಆಚೆ ಹೋಯಿತು, ನೀರು ಹಿಮ್ಮುಖವಾಗಿ ಹರಿಯಿತು, ಕೊನೆಗೆ ಆಕಾಶವಾಣಿಯೂ ಆಯಿತು. ಆಗ ರಬ್ಬಿ ಯೆಹೋಶುವ ಎದ್ದು ನಿಂತು, ತೋರಾ ಸ್ವರ್ಗದಲ್ಲಿಲ್ಲ ಎಂದರು. ತೀರ್ಪು ಬಹುಮತದ್ದೇ ಆಯಿತು. ಈ ಕಥೆಯನ್ನು ಎಲ್ಲರೂ ತಮ್ಮ ಸಾಕ್ಷಿಗೆ ಕರೆಯುತ್ತಾರೆ. ಆ ರಬ್ಬಿಗಳು ತೀರ್ಮಾನಿಸಿದರೆ ಮುಗಿಯಿತು ಎಂದು ಆರ್ಥೊಡಾಕ್ಸರು. ಅವರು ತೀರ್ಮಾನಿಸಬಹುದಾದರೆ ನಾವೂ ಮಾಡಬಹುದು ಎಂದು ಕನ್ಸರ್ವೇಟಿವರು.

ಕಾರಿನ ಜಗಳದಲ್ಲಿ ಯಾರಿಗೂ ದೊಡ್ಡ ನಷ್ಟವಿಲ್ಲ. ಯಹೂದಿ ಯಾರು ಎಂಬಲ್ಲಿ ಇದೆ. ತಂದೆ ಮಾತ್ರ ಯಹೂದಿಯಾದರೂ ಮಗುವನ್ನು ಯಹೂದಿಯಾಗಿ ಬೆಳೆಸಿದರೆ ಸಾಕು ಎಂದು ಅಮೆರಿಕದ ರಿಫಾರ್ಮ್ ರಬ್ಬಿಗಳು 1983ರಲ್ಲಿ ಒಪ್ಪಿದರು. ಉಳಿದ ಎರಡು ಪಂಥದವರಿಗೆ ತಾಯಿಯೇ ಮುಖ್ಯ. ಇಸ್ರೇಲಿನಲ್ಲಿ ಯಹೂದಿಗಳ ಮದುವೆ ಆರ್ಥೊಡಾಕ್ಸ್ ರಬ್ಬಿಗಳ ಕೈಯಲ್ಲಿದೆ. ನಮ್ಮ ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯಕ್ಕೂ ಇದರ ಬಿಸಿ ತಟ್ಟಿತು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು ಶನಿವಾರ್ ತೇಲಿ (ಶನಿವಾರದ ಗಾಣಿಗರು) ಎನ್ನುತ್ತಿದ್ದರು. ಅಷ್ಟು ನಿಷ್ಠೆಯವರು ಇಸ್ರೇಲಿಗೆ ಹೋದ ಮೇಲೆ ಮದುವೆಗೆ ಮುಂಚೆ ವಂಶಾವಳಿ ತೋರಿಸಬೇಕಾಯಿತು! ಅವರು ಬೀದಿಗಿಳಿದು ಹೋರಾಡಿ 1964ರಲ್ಲಿ ಪೂರ್ಣ ಮನ್ನಣೆ ಪಡೆದರು.

ಇನ್ನು ಗೃಹಪ್ರವೇಶ. ಸಬ್ಬತ್ ಶುಕ್ರವಾರ ಸೂರ್ಯ ಮುಳುಗುವ ಹೊತ್ತಿಗೆ ಶುರುವಾಗಿ ಶನಿವಾರ ಕತ್ತಲಾಗುವವರೆಗೆ ಇರುತ್ತದೆ. ಮೊದಲನೆಯವರು ಬರಲಾರರು, ಎರಡನೆಯವರದೂ ಅನುಮಾನ. ಭಾನುವಾರ ಮೂವರನ್ನೂ ಬೇರೆಯಾಗಿ ಕರೆಯಿರಿ. ಪೂಜೆ ಅಂದು ಬೇಡ. ಬೇರೆ ದೇವರ ಪೂಜೆಯಲ್ಲಿ ಕೂರುವುದು, ಪ್ರಸಾದ ತಿನ್ನುವುದು ಮೊದಲನೆಯವರಿಗೆ ನಿಷಿದ್ಧ. ನಿಮ್ಮದು ಸಸ್ಯಾಹಾರಿ ಅಡುಗೆಮನೆಯಾದರೂ ಅವರು ಉಣ್ಣಲಿಕ್ಕಿಲ್ಲ, ಪಾತ್ರೆಗೂ ಅವರಲ್ಲಿ ನಿಯಮವಿದೆ. ಕೋಷರ್ (ಯಹೂದಿ ಆಹಾರ ನಿಯಮಕ್ಕೆ ಒಪ್ಪುವಂಥದ್ದು ಎಂಬ) ಮುದ್ರೆಯಿರುವ ಪ್ಯಾಕೆಟ್ ತಿಂಡಿ, ಹೆಚ್ಚದ ಹಣ್ಣು, ಪೇಪರ್ ತಟ್ಟೆ ಇಟ್ಟು, ಇದು ಆಗುತ್ತದಾ ಎಂದು ಅವರನ್ನೇ ಮೊದಲೇ ಕೇಳಿಬಿಡಿ.